ಬಿರಡೆಯ ಪುಟ

ಮೋಟಾರು ದೋಣಿಯ ಪತ್ರಿಕೆ ಓದುವವರಷ್ಟು ತಕರಾರಿನ ಜನ ನಮ್ಮ ನಾರ್ವೆಯ ಈ ತೆಂಕಣ ಕರಾವಳಿಯಲ್ಲಿ ಬೇರೆ ಯಾರೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಅವರಿಗಾಗಿಯೇ ಬರೆಯುತ್ತಿದ್ದೇನೆ, ಹಾಗಾಗಿ ಬಯ್ಯುವ ಹಕ್ಕು ನನಗಿದೆ. ಹೊಸ ದೋಣಿಯೊಂದನ್ನು ಅರ್ಧ ದಿನ ಅಲೆಗಳ ಮೇಲೆ ಓಡಿಸಿ, ಸೊಂಟ ನೋಯಿಸಿಕೊಂಡು ಬಂದು, ನಾಲ್ಕು ಪುಟ ಬರೆದರೆ ಬರುವ ಪತ್ರ ಹೀಗಿರುತ್ತದೆ: "ಕಾಫಿ ಲೋಟ ಇಡುವ ಕುಳಿಯ ಅಗಲ ಎಷ್ಟೆಂದು ತಾವು ತಿಳಿಸಿಲ್ಲ." ಡೀಸೆಲ್ ಎಷ್ಟು ಕುಡಿಯುತ್ತದೆ ಎಂಬ ಕೋಷ್ಟಕದಲ್ಲಿ ಒಂದಂಕಿ ಹೆಚ್ಚುಕಡಿಮೆಯಾದರಂತೂ ಫೋನು ಸುಮ್ಮನಿರುವುದಿಲ್ಲ. ಸಮುದ್ರದಿಂದ ನಾಲ್ಕು ಗಂಟೆ ದೂರದ ಬೆಟ್ಟದೂರಿನಲ್ಲಿ ಒಬ್ಬ ಚಂದಾದಾರನಿದ್ದಾನೆ, ತಿಂಗಳು ತಪ್ಪದೆ ನನ್ನ ತಪ್ಪು ತೋರಿಸುತ್ತಾನೆ. ಒಮ್ಮೆ ರೇಗಿಹೋಗಿ, ನಿಮ್ಮದು ಯಾವ ದೋಣಿ ಸ್ವಾಮಿ ಎಂದು ಬರೆದು ಕೇಳಿದೆ. "ನನಗೆ ದೋಣಿ ಇಲ್ಲ. ಅದಕ್ಕೇ ಪತ್ರಿಕೆ ತರಿಸುವುದು" ಎಂದು ಉತ್ತರ ಬಂತು.

ಪತ್ರಿಕೆಯ ಹೆಸರು ಶೋಲ್ವಾನ್. ದೋಣಿ ಹಾದುಹೋದ ಮೇಲೆ ನೀರಿನ ಮೇಲೆ ಉಳಿಯುವ ಬಿಳಿ ಗೆರೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಈ ಫೆಬ್ರವರಿಯಲ್ಲಿ ಅದಕ್ಕೆ ಸಿನ್ನೊವೆ ಎಂಬ ಹೊಸ ಸಂಪಾದಕಿ ಬಂದಳು. ವಯಸ್ಸು ಮೂವತ್ತನಾಲ್ಕು, ನನ್ನ ಮಗಳಿಗಿಂತ ಒಂದು ವರ್ಷ ಚಿಕ್ಕವಳು. ಬಂದವಳೇ ನನ್ನ ಮೇಜಿನ ಮೂಲೆಯಲ್ಲಿ ಕೂತು ಕೇಳಿದಳು.

"ಓಡ್ವಾರ್, ನಮ್ಮ ಓದುಗರಿಗೆ ಏನು ಬೇಕು?"

"ಅಂಕಿ ಬೇಕು" ಎಂದೆ. "ವೇಗ ಎಷ್ಟು, ಡೀಸೆಲ್ ಎಷ್ಟು, ಶಬ್ದ ಎಷ್ಟು. ಆಮೇಲೆ ಜನ್ಮದಲ್ಲಿ ಕೊಳ್ಳೋಕಾಗದ ದೋಣಿಯ ಫೋಟೋ. ಆಮೇಲೆ ತಮಗಿಂತ ದೊಡ್ಡ ಪೆದ್ದ ಎಲ್ಲೋ ಒಬ್ಬ ಇದಾನೆ ಅನ್ನೋ ಸಮಾಧಾನ. ಅಷ್ಟೇ."

"ಇದು ಅವರು ಹೇಳಿದ್ದಾ, ನೀವು ಹೇಳ್ತಿರೋದಾ?"

"ಎರಡೂ ಒಂದೇ ಕಣಮ್ಮ."

"ಹಿಂದಿನ ಕೋಣೇಲಿ ಹದಿನಾಲ್ಕು ಡಬ್ಬ ಪತ್ರ ಇದೆ. ಓದಿ, ಶುಕ್ರವಾರದೊಳಗೆ ಒಂದು ಪುಟ ಬರ್ಕೊಡಿ."

"ಅಷ್ಟೂನಾ?"

"ಇಪ್ಪತ್ತೆರಡು ವರ್ಷ ಅವರು ನಿಮ್ಮನ್ನ ಓದಿದಾರೆ. ನೀವು ನಾಲ್ಕು ದಿನ ಅವರನ್ನ ಓದಿ, ಏನಾಗಲ್ಲ."

ಬಾಯಿ ಮುಚ್ಚಿಸುವುದು ಅವಳಿಗೆ ಚೆನ್ನಾಗಿ ಬರುತ್ತದೆ. ಗೊಣಗುತ್ತಲೇ ಹಿಂದಿನ ಕೋಣೆಗೆ ಹೋದೆ.

ಪೆದ್ದನ ಮಾತು ಎತ್ತಿದೆನಲ್ಲ, ಅದು ನನ್ನದೇ ಪುಟ. ನಮ್ಮಲ್ಲಿ ಶರತ್ಕಾಲಕ್ಕೆ ದೋಣಿಗಳನ್ನು ದಡಕ್ಕೆ ಎತ್ತಿಡುತ್ತಾರೆ. ಚಳಿಗಾಲದ ಮಳೆಹಿಮ ಒಳಗೆ ನಿಲ್ಲಬಾರದೆಂದು ದೋಣಿಯ ತಳದಲ್ಲಿರುವ ಹೆಬ್ಬೆರಳು ಗಾತ್ರದ ಬಿರಡೆ ತೆಗೆದಿಡುತ್ತಾರೆ. ವಸಂತದಲ್ಲಿ ಮತ್ತೆ ಬಿರಡೆ ತಿರುಪಿಯೇ ನೀರಿಗಿಳಿಸಬೇಕು. ಆದರೆ ಐದು ತಿಂಗಳು ಸಮುದ್ರಕ್ಕಾಗಿ ಹಂಬಲಿಸಿದ ಮನುಷ್ಯನಿಗೆ ಕ್ರೇನ್ ಕಂಡರೆ ಸಾಕು, ಬುದ್ಧಿ ನೆಟ್ಟಗಿರುವುದಿಲ್ಲ. ಪ್ರತಿ ವರ್ಷವೂ ಒಂದಷ್ಟು ಮಂದಿ ಬಿರಡೆ ಮರೆಯುತ್ತಾರೆ, ಎಲ್ಲರ ಕಣ್ಣೆದುರೇ ದೋಣಿ ಕಂಠದವರೆಗೆ ನೀರು ಕುಡಿಯುತ್ತದೆ. ಅಂಥವರು ತಪ್ಪೊಪ್ಪಿಕೊಂಡು ಬರೆದ ಪತ್ರಗಳನ್ನು ಮೇ ತಿಂಗಳ ಸಂಚಿಕೆಯಲ್ಲಿ "ಬಿರಡೆಯ ಪುಟ" ಎಂದು ಹಾಕುತ್ತೇವೆ. ತಲೆಬರಹ ನನ್ನದು, ಕುಹಕವೂ ನನ್ನದೇ. ಎಲ್ಲರಿಗಿಂತ ದೊಡ್ಡ ಪೆದ್ದನಿಗೆ ಮರದ ಹಲಗೆಗೆ ಹೊಡೆದ ಹಿತ್ತಾಳೆಯ ಬಿರಡೆ ಬಹುಮಾನ. ಪತ್ರಿಕೆ ಕೈಗೆ ಬಂದೊಡನೆ ಜನ ಮೊದಲು ತೆಗೆಯುವುದು ಆ ಪುಟವನ್ನೇ. ಅದು ನನ್ನ ಹೆಮ್ಮೆಯಾಗಿತ್ತು.

ಮೂರನೆಯ ದಿನ ಒಂಬತ್ತನೆಯ ಡಬ್ಬದಲ್ಲಿ ಟೆಲ್ಲೆಫ್ ಹಾಗೆಲಾಂಡ್ ಎಂಬವನ ಪತ್ರ ಸಿಕ್ಕಿತು. ಆರು ವರ್ಷದ ಹಿಂದಿನದು. ಸ್ಕಾಗ್‌ವಿಕ್ ಕೊಲ್ಲಿಯವನು, ಆ ವರ್ಷದ ಹಿತ್ತಾಳೆ ಬಿರಡೆ ಅವನಿಗೇ ಹೋಗಿತ್ತು. ನಾನು ಕೊಟ್ಟ ತಲೆಬರಹ "ಸ್ಕಾಗ್‌ವಿಕ್‌ನ ಸಬ್‌ಮರೀನು". ನೆನಪಾಗಿ ನಗು ಬಂತು. ಅವನ ಮೂಲ ಪತ್ರ ಬಿಡಿಸಿದೆ. ಅರ್ಧಕ್ಕಿಂತ ಹೆಚ್ಚು ಭಾಗದ ಮೇಲೆ ನನ್ನ ಕೆಂಪು ಪೆನ್ಸಿಲಿನ ಗೆರೆ ಇತ್ತು. ಗೆರೆಯ ಕೆಳಗಿನದು ಹೀಗಿತ್ತು:

"ಮೂವತ್ತನಾಲ್ಕು ವರ್ಷ ಬಿರಡೆ ಹಾಕುವುದು ನನ್ನ ಹೆಂಡತಿ ಗುನ್‌ವೋರ್‌ಳ ಕೆಲಸವಾಗಿತ್ತು. ಹಾಕಿದ ಮೇಲೆ ಅವಳು 'ಹಾಕಾಯ್ತು' ಎಂದು ಕೂಗುತ್ತಿದ್ದಳು, ಆಮೇಲೆ ನಾನು ಇಳಿಸಿ ಎಂದು ಕೈ ಮಾಡುತ್ತಿದ್ದೆ. ಈ ಫೆಬ್ರವರಿಯಲ್ಲಿ ಅವಳು ತೀರಿಕೊಂಡಳು. ಆ ದಿನ ನಾನು ಕೂಗಿಗಾಗಿ ಕಾಯುತ್ತ ನಿಂತಿದ್ದೆ. ಕಾಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಹಿಂದೆ ಸಾಲು ಬೆಳೆದಿತ್ತು, ನಾಚಿಕೆಯಾಗಿ ಕೈ ಮಾಡಿಬಿಟ್ಟೆ. ನಿಮ್ಮ ಓದುಗರಲ್ಲಿ ನನ್ನದೊಂದು ಪ್ರಶ್ನೆ. ಒಂಟಿಯಾಗಿ ದೋಣಿ ಇಳಿಸುವವರು ಬಿರಡೆಯನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ? ತಿಳಿದವರು ದಯವಿಟ್ಟು ಬರೆಯಿರಿ."

ಅಂಚಿನಲ್ಲಿ ನನ್ನದೇ ಅಕ್ಷರ: "ಉದ್ದವಾಯಿತು. ನಗು ಬರುವುದಿಲ್ಲ."

ನನಗೆ ನನ್ನ ಮೇಲೆ ಅಸಹ್ಯವಾಯಿತು. ಬೇರೆ ಮಾತು ಹುಡುಕುವುದಿಲ್ಲ. ಚಂದಾದಾರರ ಪಟ್ಟಿ ನೋಡಿದೆ, ಕೋಪದಿಂದ ಪತ್ರಿಕೆ ಬಿಟ್ಟಿದ್ದರೆ ನನಗೂ ಒಂದಿಷ್ಟು ಸಮಾಧಾನವಾಗುತ್ತಿತ್ತು. ಬಿಟ್ಟಿರಲಿಲ್ಲ. ಆರು ವರ್ಷವೂ ಚಂದಾ ತಪ್ಪಿರಲಿಲ್ಲ.

ಮರುದಿನ ಬೆಳಿಗ್ಗೆ ಕಾರು ಹತ್ತಿ ಸ್ಕಾಗ್‌ವಿಕ್‌ಗೆ ಹೋದೆ. ಮೊದಲು ದೋಣಿ ಸಂಘದ ಹತ್ತಿರ ವಿಚಾರಿಸಿದೆ. ಕ್ರೇನ್ ನಡೆಸುವ ತರಾಲ್ಡ್ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಯಾರು, ಸಬ್‌ಮರೀನಾ?" ಎಂದ. "ಆ ಬೂದು ಮನೆ ನೋಡು. ಈಗ ಅವನು ಸಮುದ್ರಕ್ಕೆ ಇಳಿಯಲ್ಲ. ಆವತ್ತು ಎತ್ತಿಟ್ಟ ದೋಣಿ ಹಾಗೇ ದಡದ ಮೇಲಿದೆ."

ದೋಣಿ ಮನೆಯ ಪಕ್ಕದಲ್ಲೇ ಇತ್ತು, ಹಸಿರು ಟಾರ್ಪಾಲಿನ ಅಡಿಯಲ್ಲಿ. ಇಪ್ಪತ್ತೊಂದು ಅಡಿಯದು, ಒಳಗೆ ಡೀಸೆಲ್ ಎಂಜಿನ್. ಸಮುದ್ರ ಅಲ್ಲಿಂದ ಐವತ್ತು ಹೆಜ್ಜೆ. ಬಾಗಿಲು ತೆರೆದವನು ಉದ್ದನೆಯ ಮನುಷ್ಯ, ಎಪ್ಪತ್ತು ದಾಟಿದವನು, ಮೊಣಕೈ ತೇಪೆಯ ಸ್ವೆಟರು. ಪತ್ರಿಕೆಯಲ್ಲಿ ಬರುವ ಫೋಟೋದಿಂದ ನನ್ನ ಗುರುತು ಹಿಡಿದ.

"ಹೋದ ಸಂಚಿಕೇಲಿ ಶಬ್ದದ ಅಳತೆ ತಪ್ಪಿದೆ" ಎಂದ, ಮಾತಾಡಿಸುವ ಮೊದಲೇ. "ಕ್ಯಾಬಿನ್ ಬಾಗಿಲು ತೆಗೆದಿಟ್ಕೊಂಡು ಅಳೆದಿದೀಯ. ಫೋಟೋದಲ್ಲೇ ಕಾಣತ್ತೆ."

"ಹೌದು, ತೆಗೆದಿತ್ತು" ಎಂದು ಒಪ್ಪಿಕೊಂಡೆ.

"ಬಾ ಒಳಗೆ."

ಕಾಫಿ ಬಂತು, ಕಂದು ಚೀಸ್ ಹಾಕಿದ ವಾಫಲ್ ಎಂಬ ನಮ್ಮ ಸಿಹಿ ದೋಸೆ ಬಂತು. ಅಡುಗೆಮನೆಯ ಕಿಟಕಿಯಲ್ಲಿ ಹಿಡಿ ಮುರಿದ ಕಪ್ಪಿನೊಳಗೆ ಒಂದು ಬಿರಡೆ ಇತ್ತು. ಹಲಗೆಗೆ ಹೊಡೆದ ನಮ್ಮ ಬಹುಮಾನವಲ್ಲ, ಅವನ ದೋಣಿಯದೇ. ಪತ್ರವನ್ನು ತೆಗೆದು ಮೇಜಿನ ಮೇಲಿಟ್ಟೆ. ಕೆಂಪು ಗೆರೆಗಳನ್ನು ಅವನು ನಿಧಾನವಾಗಿ ನೋಡಿದ.

"ತಪ್ಪಾಯ್ತು" ಎಂದೆ. "ಜನ ನಿನ್ನನ್ನ ನೋಡಿ ನಗೋ ಹಾಗೆ ಮಾಡಿದೆ."

"ನಗು ಬಿಡು, ಅದಕ್ಕೇನಂತೆ?" ಎಂದ ಟೆಲ್ಲೆಫ್. "ಆ ಪುಟ ಓದಿ ನಾವಿಬ್ರೂ ಹದಿನೈದು ವರ್ಷ ನಕ್ಕಿದೀವಿ. ಗುನ್‌ವೋರ್ ಅಂತೂ ಕಣ್ಣಲ್ಲಿ ನೀರು ಬರೋ ಹಾಗೆ ನಗ್ತಿದ್ಲು. ನಮ್ಮ ಸರದಿ ಬಂತು, ನಕ್ಕರು. ಅದರಲ್ಲಿ ತಪ್ಪೇನಿಲ್ಲ."

"ಮತ್ತೆ ದೋಣಿ ಯಾಕೆ ಇಳಿಸಿಲ್ಲ?"

ಅವನು ಪತ್ರದ ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ನಾನೊಂದು ಪ್ರಶ್ನೆ ಕೇಳಿದ್ದೆ ಕಣಯ್ಯ. ಉತ್ತರ ಬರಲಿಲ್ಲ."

ಅವನೇ ಮುಂದುವರಿಸಿದ. "ಪ್ರತಿ ತಿಂಗಳೂ ಪತ್ರಿಕೆ ಬಂದಾಗ ಮೊದಲು ಪತ್ರಗಳ ಪುಟ ನೋಡ್ತೀನಿ, ಯಾರಾದ್ರೂ ಬರೆದಿದಾರಾ ಅಂತ. ಎಂಜಿನ್ನನ್ನ ತಿಂಗಳಿಗೊಂದ್ಸಲ ಕೈಯಲ್ಲಿ ತಿರುಗಿಸ್ತೀನಿ, ಹಿಡ್ಕೊಂಡ್ಬಿಡಬಾರದು ಅಂತ. ಅದು ನೀನೇ ಬರೆದಿದ್ದೆ, ಒಂದು ಅಕ್ಟೋಬರ್‌ನಲ್ಲಿ."

ಬರೆದದ್ದು ನನಗೆ ನೆನಪೇ ಇರಲಿಲ್ಲ.

ಶುಕ್ರವಾರ ಸಿನ್ನೊವೆಗೆ ಒಂದು ಪುಟದ ಬದಲು ಒಂದು ಸಾಲು ಬರೆದುಕೊಟ್ಟೆ: "ಕೇಳಿದ್ದಕ್ಕೆ ಉತ್ತರ ಬೇಕು." ಜೊತೆಗೆ ಟೆಲ್ಲೆಫನ ಪತ್ರ ಇಟ್ಟೆ. ಅವಳು ಓದಿದಳು, ಕನ್ನಡಕ ತೆಗೆದು ಒರೆಸಿದಳು, ಮತ್ತೆ ಓದಿದಳು.

"ಪೂರ್ತಿ ಹಾಕೋಣ" ಎಂದಳು. "ಅವರನ್ನ ಕೇಳಿದೀರಾ?"

"ಕೇಳಿದೆ. ಶಬ್ದದ ಅಳತೆ ಸರಿ ಮಾಡಿದ್ರೆ ಹಾಕು ಅಂದ."

"ಸರಿ. ಮತ್ತೆ ಈ ವರ್ಷದ ಹಿತ್ತಾಳೆ ಬಿರಡೆ ಯಾರಿಗೆ ಅನ್ನೋದೂ ನಿರ್ಧಾರ ಆಯ್ತು."

"ಯಾರಿಗೆ?"

"ನಿಮಗೇ ರೀ, ಇನ್ಯಾರಿಗೆ?"

ಹಾಗೆ ಮೇ ಸಂಚಿಕೆಯಲ್ಲಿ ಒಂದು ಪದವನ್ನೂ ಕತ್ತರಿಸದೆ ಪತ್ರ ಬಂತು. ಕೆಳಗೆ ಹಲಗೆ ಹಿಡಿದುಕೊಂಡು ಹುಳ್ಳಗೆ ನಗುವ ನನ್ನ ಫೋಟೋ. ಎರಡು ವಾರದಲ್ಲಿ ಇನ್ನೂರ ಹನ್ನೊಂದು ಉತ್ತರ ಬಂದವು. ನನ್ನ ಇಪ್ಪತ್ತೆರಡು ವರ್ಷದಲ್ಲಿ ಯಾವ ದೋಣಿಯ ಬಗ್ಗೆಯೂ ಅಷ್ಟು ಬಂದಿರಲಿಲ್ಲ. ಬಿರಡೆಯನ್ನು ಎಂಜಿನ್ ಕೀಲಿಗೆ ಕಟ್ಟುವವರಿದ್ದರು. ಬಲಗಾಲಿನ ಬೂಟಿನೊಳಗೆ ಹಾಕಿಕೊಂಡು ಕುಂಟುತ್ತ ಕ್ರೇನಿನವರೆಗೆ ಬರುವವನೊಬ್ಬ. ಬಾಯಲ್ಲಿ ಕಚ್ಚಿಕೊಳ್ಳುವ ಹೆಂಗಸೊಬ್ಬಳು, ಅವಳು ಬಿರಡೆ ಹಾಕುವ ತನಕ ಯಾರ ಜೊತೆಯೂ ಮಾತಾಡುವುದಿಲ್ಲವಂತೆ. "ನನ್ನ ಗಂಡ ಹೋಗಿ ಎರಡು ವರ್ಷ, ನನಗೂ ಇದೇ ಪ್ರಶ್ನೆ ಇತ್ತು, ಕೇಳಲು ಸಂಕೋಚವಾಗಿತ್ತು" ಎಂದು ಬರೆದವಳು ಇನ್ನೊಬ್ಬಳು. ಬೆಟ್ಟದೂರಿನ ನಮ್ಮ ದೋಣಿಯಿಲ್ಲದ ಮಹಾಶಯನೂ ಬರೆದಿದ್ದ. ತನ್ನ ಮನೆಯ ಬಚ್ಚಲ ತೊಟ್ಟಿಯಲ್ಲಿ ಪರೀಕ್ಷೆ ಮಾಡಿ ನೋಡಿ ಮೂರು ಉಪಾಯ ಕಳಿಸಿದ್ದ.

ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಸ್ಕಾಗ್‌ವಿಕ್‌ಗೆ ಹೋದೆ. ಟೆಲ್ಲೆಫ್ ಎರಡು ದಿನ ಕೂತು ಒಂದನ್ನೂ ಬಿಡದೆ ಓದಿದನಂತೆ. ಆಮೇಲೆ ಫೋನ್ ಮಾಡಿದ.

"ಶನಿವಾರ ಹತ್ತು ಗಂಟೆಗೆ ಕ್ರೇನ್ ಗೊತ್ತು ಮಾಡಿದೀನಿ. ನೀನು ಬರ್ತೀಯ?"

"ಬರ್ತೀನಿ. ಯಾವ ಉಪಾಯ ಆರಿಸ್ಕೊಂಡೆ?"

"ಬಾ, ಹೇಳ್ತೀನಿ" ಎಂದ.

ಮೇ ಹದಿನೇಳರ ರಾಷ್ಟ್ರೀಯ ಹಬ್ಬಕ್ಕೆ ಬಾವುಟ ಕಟ್ಟಿ ಮೆರೆಯಬೇಕೆಂದು ಎಲ್ಲರೂ ಅದೇ ಶನಿವಾರ ದೋಣಿ ಇಳಿಸಲು ಬಂದಿದ್ದರು. ಸಂಘದ ಬಾಗಿಲಲ್ಲಿ ವಾಫಲಿನ ಘಮ, ಹಿಂದೆ ಹನ್ನೆರಡು ದೋಣಿಗಳ ಸಾಲು. ಟೆಲ್ಲೆಫನ ದೋಣಿ ಬೆಲ್ಟುಗಳಲ್ಲಿ ತೂಗಾಡುತ್ತಿತ್ತು, ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಸಬ್‌ಮರೀನು ಎಂದು ಯಾರೂ ಅನ್ನಲಿಲ್ಲ. ಎಲ್ಲರೂ ಪತ್ರಿಕೆ ಓದಿದ್ದರು. ತರಾಲ್ಡ್ ತಲೆ ತಗ್ಗಿಸಿಕೊಂಡು ಬೆಲ್ಟನ್ನು ಮೂರು ಸಲ ಸರಿಮಾಡಿದ.

ಟೆಲ್ಲೆಫ್ ಜೇಬಿನಿಂದ ಬಿರಡೆ ತೆಗೆದು ನನ್ನ ಅಂಗೈಗಿಟ್ಟ.

"ಎಲ್ಲಾ ಉಪಾಯಾನೂ ಚೆನ್ನಾಗಿದಾವೆ. ಆದ್ರೆ ಅವೆಲ್ಲ ಒಂಟಿಯಾಗಿ ಇಳಿಸೋರಿಗೆ" ಎಂದ. "ತಗೋ, ಹಾಕು."

ದೋಣಿಯ ಕೆಳಗೆ ಮಂಡಿಯೂರಿದೆ. ನನ್ನ ಸೊಂಟ ಕಿರುಗುಟ್ಟಿತು. ತಿರುಪನ್ನು ಬಿಗಿ ಮಾಡಿ, ಇನ್ನೊಮ್ಮೆ ಬಿಗಿ ಮಾಡಿ, ಬೆರಳಿಂದ ಒತ್ತಿ ನೋಡಿ ಎದ್ದು ಬಂದು ಪಕ್ಕಕ್ಕೆ ನಿಂತೆ. ತರಾಲ್ಡ್ ಕ್ರೇನ್ ಚಾಲೂ ಮಾಡಿದ. ಅದರ ಗದ್ದಲದಲ್ಲಿ ಬೇರೇನೂ ಕೇಳದು. ಟೆಲ್ಲೆಫ್ ದಡದ ತುದಿಯಲ್ಲಿ ಅರ್ಧ ಕೈ ಎತ್ತಿಕೊಂಡು ನಿಂತಿದ್ದ. ಕೈ ಮಾಡಲಿಲ್ಲ.

"ಏನಯ್ಯಾ, ಇಳಿಸ್ಲಾ?" ಎಂದು ತರಾಲ್ಡ್ ಕೂಗಿದ.

ಟೆಲ್ಲೆಫ್ ಅವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ಯಾಕೆ ಹಾಗೆ ನೋಡುತ್ತಾನೆಂದು ಒಂದು ಗಳಿಗೆ ನನಗೆ ಹೊಳೆಯಲಿಲ್ಲ. ಆ ಮಾತಿನ ಮೇಲೆ ಕೆಂಪು ಗೆರೆ ಎಳೆದವನು ನಾನೇ, ಆದರೂ ಹೊಳೆಯಲಿಲ್ಲ.

"ಹಾಕಾಯ್ತು" ಎಂದೆ. ಕ್ರೇನಿನ ಸದ್ದಿನಲ್ಲಿ ಅದು ಮುಳುಗಿಹೋಯಿತು.

ಟೆಲ್ಲೆಫ್ ಕಿವಿಗೆ ಕೈ ಹಿಡಿದ.

"ಗುನ್‌ವೋರ್ ಇನ್ನೂ ಸ್ವಲ್ಪ ಜೋರಾಗಿ ಹೇಳ್ತಿದ್ಲು!" ಎಂದ.

ಎದೆಯ ತುಂಬ ಗಾಳಿ ತುಂಬಿಕೊಂಡು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ, "ಹಾಕಾಯ್ತು!" ಎಂದು ಕೂಗಿದೆ. ಟೆಲ್ಲೆಫ್ ಕೈ ಮಾಡಿದ. ತರಾಲ್ಡ್ ದೋಣಿಯನ್ನು ನೀರಿಗಿಳಿಸಿದ.