ಮಾರ್ಟಾಳ ಹಿಂದೆ ಮೂವರು

ಬೆಳಿಗ್ಗೆ ಹತ್ತಕ್ಕೆ ಸವದತ್ತಿ ಬಸ್‌ಸ್ಟ್ಯಾಂಡಿನಿಂದ ಹೊರಟ ಮಾರ್ಟಾ ಒಮ್ಮೆ ಕೈಬೀಸಿ ತಿರುವಿನಲ್ಲಿ ಮರೆಯಾದದ್ದೇ ತಡ, ಪ್ರಣಿತಾ ಗಡಿಯಾರ ನೋಡಿಕೊಂಡಳು. ಗುಡ್ಡ ಹತ್ತಿಳಿದು ಉಗರಗೋಳ ಸೇರಲು ಎರಡು ತಾಸು ಬೇಕು. ಜೊತೆಗೆ ಯಾರೂ ಬರಕೂಡದು ಎನ್ನುವುದು ಮಾರ್ಟಾಳ ಕರಾರು.

ಈ ಕರಾರಿಗೆ ಮೂಲ ಪ್ರಣಿತಾಳೇ. ಪರದೇಶದ ಪ್ರವಾಸಿಗರನ್ನು ಸೆಳೆಯಲು ದೇಶದ ಜಾಹೀರಾತು ಹೇಗಿರಬೇಕೆಂದು ಬರೆದುಕೊಡುವ ಕಂಪನಿಯೊಂದರಲ್ಲಿ ಅವಳ ಕೆಲಸ. ಆನೆ, ಅರಮನೆ, ಸಾಧುಗಳ ಜಡೆ ನೋಡಿ ನೋಡಿ ಜಗತ್ತಿಗೆ ಸಾಕಾಗಿದೆ, ಹೊಸದೇನಾದರೂ ಕೊಡಿ ಎಂದು ಮೇಲಿನವರು ಕೇಳಿದಾಗ ಉಗರಗೋಳದ ಈ ಜಾಣೆ ಒಂದು ಸಾಲು ಬರೆದುಕೊಟ್ಟಳು: ‘ಒಬ್ಬಳೇ ಬಾ. ನಮ್ಮ ಹಳ್ಳಿಯ ದಾರಿಯಲ್ಲಿ ಹೆಣ್ಣಿಗೆ ಹೆದರಿಕೆ ಇಲ್ಲ.’ ಎಲ್ಲರೂ ಭೇಷ್ ಅಂದರು. ಸಾಲು ಹೊರದೇಶದ ವಿಮಾನ ನಿಲ್ದಾಣಗಳ ಗೋಡೆ ಏರಿತು. ಬರೆಯುವಾಗ ಏನು ಗಂಟು ಹೋಗುತ್ತದೆ, ಹೇಳಿ! ಏಸಿ ಕೋಣೆಯಲ್ಲಿ ಕುಂತರೆ ಎಲ್ಲ ದಾರಿಯೂ ಸಲೀಸೇ.

ಒಂಟಿಯಾಗಿ ತಿರುಗುವ ಹೆಂಗಸರಿಗೆಂದೇ ಪೋಲೆಂಡಿನಲ್ಲಿ ಪತ್ರಿಕೆ ನಡೆಸುವ ಮಾರ್ಟಾ ಅದನ್ನು ಓದಿದಳು. ಬರೆದವಳ ಊರು ಯಾವುದೆಂದು ವಿಚಾರಿಸಿದಳು, ವಿಮಾನ ಹತ್ತಿಯೇ ಬಿಟ್ಟಳು. ‘ನಿನ್ನೂರಿನ ದಾರಿಯನ್ನೇ ನಡೆದು ನೋಡುತ್ತೇನೆ. ಕಂಡದ್ದನ್ನು ಬರೆಯುತ್ತೇನೆ,’ ಎಂದಳು. ನನ್ನ ಮಾತು ನಂಬಿ ಬಂದವಳಿಗೆ ಏನಾದರೂ ಆದರೆ? ಪ್ರಣಿತಾ ಈಗ ಮೊಬೈಲು ತೆಗೆದಳು. ಗುಡ್ಡದ ಬುಡದಲ್ಲಿ ಚಹಾದಂಗಡಿ ಇಟ್ಟಿರುವ ಗಂಗಯ್ಯನಿಗೆ ಫೋನು ಹಚ್ಚಿದಳು.

‘ಕಾಕಾ, ಒಬ್ಬಾಕಿ ಪರದೇಶದಾಕಿ ನಡಕೊಂತ ಬರಾಕತ್ತಾಳ. ಸ್ವಲ್ಪ ಕಣ್ಣಿಡ್ರಿ. ಆದ್ರ ಹತ್ರ ಹೋಗಬ್ಯಾಡ್ರಿ, ಮಾತಾಡಸಬ್ಯಾಡ್ರಿ. ಆಕಿಗೆ ಗೊತ್ತಾಗಬಾರ್ದು.’

‘ನಿಮ್ಮ ಮನಿಗಿ ಬಂದಾಕಿ ಅಂದ್ರ ನಮ್ಮ ಮನಿಗಿ ಬಂದಂಗ. ಚಿಂತಿ ಬಿಡವ್ವ,’ ಎಂದ ಗಂಗಯ್ಯ.

ಗುಡ್ಡದ ಮೇಲೆ ಕುರಿ ಮೇಯಿಸುವ ಕಾಡಪ್ಪ, ಆಚೆ ಇಳಿಜಾರಿಗೆ ದೊಡ್ಡಪ್ಪನ ಮಗ ಲಕ್ಷ್ಮಣ. ಒಬ್ಬರ ಕಣ್ಣಿಂದ ಇನ್ನೊಬ್ಬರ ಕಣ್ಣಿಗೆ ದಾಟಿಸುವ ಹಾಗೆ ಎಲ್ಲ ಗೊತ್ತುಮಾಡಿ, ಪ್ರಣಿತಾ ಆಟೋ ಹಿಡಿದು ಉಗರಗೋಳದ ಮನೆ ಸೇರಿದಳು. ತಾಯಿ ಕಾಡವ್ವ ಬಂದವರಿಗೆಂದು ರೊಟ್ಟಿ ಬಡಿಯುತ್ತಿದ್ದಳು. ಪ್ರಣಿತಾಳಿಗೆ ಕುಂತಲ್ಲಿ ಕೂರಲಾಗಲಿಲ್ಲ.

ಮೊದಲು ಗಂಗಯ್ಯನ ಫೋನು ಬಂತು. ‘ಬೈಕ್ ಮ್ಯಾಲ ಸಾವಕಾಶ ಹಿಂದ ಹೋಗಿ ಕಾಡಪ್ಪಗ ಒಪ್ಪಿಸಿ ಬಂದೇನಿ. ಯಾಕೊ ಹೊಳ್ಳಿ ಹೊಳ್ಳಿ ನೋಡಾಕತ್ತಿದ್ಲು.’ ಅರ್ಧ ತಾಸಿಗೆ ಕಾಡಪ್ಪ: ‘ಭಾಳ ಜೋರ ನಡೀತಾಳವಾ ಈಕಿ, ನನಗ ದಮ್ಮು ಹತ್ತೇತಿ!’ ಹನ್ನೊಂದೂವರೆಗೆ ಲಕ್ಷ್ಮಣ. ಅವನ ದನಿಯೇ ಸರಿಯಿರಲಿಲ್ಲ.

‘ತಂಗಿ, ಓಡಿದ್ಲು. ಗ್ವಾಂಜಾಳದ ಹೊಲದಾಗ ಹೊಕ್ಕಾಳ. ಎಲ್ಲೂ ಕಾಣವಲ್ಲಳು.’

‘ಯಾರರ ಬೆನ್ನು ಹತ್ತಿದ್ರೇನು?’

‘ಯಾರೂ ಇಲ್ಲ. ನಾನೊಬ್ಬನ ಇದ್ದೆ.’

ಮಾರ್ಟಾಳ ಫೋನಿಗೆ ಕರೆ ಹೋಗುತ್ತಿರಲಿಲ್ಲ. ಲಕ್ಷ್ಮಣ ಬಂದು ಪ್ರಣಿತಾಳನ್ನು ಬೈಕಿನಲ್ಲಿ ಆ ಹೊಲಕ್ಕೆ ಕರೆದೊಯ್ದ. ಆಳೆತ್ತರ ಬೆಳೆದ ಗೋವಿನಜೋಳ. ಗಂಡಸಿನ ದನಿ ಕೇಳಿದರೆ ಇನ್ನೂ ದೂರ ಓಡಿಯಾಳೆಂದು ಅವನನ್ನು ರಸ್ತೆಯಲ್ಲೇ ನಿಲ್ಲಿಸಿ ಪ್ರಣಿತಾ ಒಳಹೊಕ್ಕಳು. ಎಲೆ ಮುಖಕ್ಕೆ ಗೀರುತ್ತಿತ್ತು. ಹತ್ತು ಹೆಜ್ಜೆಗೆ ರಸ್ತೆ ಕಾಣದಾಯಿತು. ‘ಮಾರ್ಟಾ!’ ಎಂದು ಕೂಗಿದರೆ ತನ್ನ ಕೂಗಿಗೆ ತಾನೇ ಬೆಚ್ಚುವಂತಾಗಿತ್ತು. ಒಳಗೆ ಇನ್ಯಾರಾದರೂ ಇದ್ದರೆ? ದೇವರೇ, ಆಕೆ ಜೀವಂತ ಸಿಕ್ಕರೆ ಸಾಕು ಎಂದು ತುಟಿ ತಾನಾಗಿ ಒದರುತ್ತಿತ್ತು.

ಬದುವಿನ ಪಕ್ಕದ ತಗ್ಗಿನಲ್ಲಿ ಮಾರ್ಟಾ ಮುದುರಿ ಕುಳಿತಿದ್ದಳು. ಎತ್ತಿದ ಕೈಯಲ್ಲಿ ಕಲ್ಲು. ಗುರುತು ಹತ್ತಿದ ಮೇಲೂ ಅದನ್ನು ಇಳಿಸಲಿಲ್ಲ.

‘ಮೂವರು ಗಂಡಸರು,’ ಎಂದಳು. ‘ಒಬ್ಬ ಬಿಟ್ಟರೆ ಇನ್ನೊಬ್ಬ. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು. ನಕ್ಕು ನಮಸ್ಕಾರ ಅಂದೆ, ಒಬ್ಬನೂ ಬಾಯಿ ಬಿಡಲಿಲ್ಲ, ಮುಖ ತಿರುಗಿಸಿದರು. ನನ್ನನ್ನೇ ನೋಡುತ್ತ ಫೋನಿನಲ್ಲಿ ಮಾತಾಡುತ್ತಿದ್ದರು. ಮುಂದೆ ಯಾರೋ ನನಗಾಗಿ ಕಾಯುತ್ತಿದ್ದಾರೆ ಅಂತ ಆಗಲೇ ಗೊತ್ತಾಯಿತು. ಕೊನೆಯವನ ಫೋಟೊ ತೆಗೆದಿದ್ದೇನೆ, ಪೊಲೀಸರಿಗೆ ಕೊಡುತ್ತೇನೆ.’

ಫೋಟೊದಲ್ಲಿ ಲಕ್ಷ್ಮಣನಿದ್ದ. ಬೈಕಿನ ಮೇಲೆ ಕುಂತು, ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ ಪಾಪದವನು. ಎಂಥ ಹುಚ್ಚಿ ನಾನು! ಗಂಗಯ್ಯ ಕಾಕಾನನ್ನು ಅವನ ಪಾಡಿಗೆ ಬಿಟ್ಟಿದ್ದರೆ ಎದುರಿಗೆ ಬಂದು, ‘ಯಾವೂರಾಕಿ ಯವ್ವಾ, ಚಾ ಕುಡಿ ಬಾ,’ ಎನ್ನುತ್ತಿದ್ದ. ಅವನ ಬಾಯಿಗೆ ಬೀಗ ಹಾಕಿದವಳು ತಾನೇ. ಸುಮ್ಮನಿದ್ದರೆ ಲಕ್ಷ್ಮಣನ ಗತಿ ಏನು, ಒಪ್ಪಿಕೊಂಡರೆ ತನ್ನ ಗತಿ ಏನು, ಎರಡೂ ಪ್ರಣಿತಾಳಿಗೆ ಗೊತ್ತಿತ್ತು.

‘ನಾನೇ ಕಳಿಸಿದ್ದು,’ ಎಂದಳು. ‘ನಿನ್ನನ್ನು ಕಾಯಲಿ ಅಂತ. ಮುಂದೆ ಕಾಯುತ್ತಿದ್ದವಳೂ ನಾನೇ.’

ಮಾರ್ಟಾಳ ಕೈ ಇಳಿಯಿತು. ‘ಹೆದರಿಕೆ ಇಲ್ಲ ಅಂತ ಬರೆದವಳು ನೀನೇ ಅಲ್ಲವೇ?’

ಪ್ರಣಿತಾ ಅವಳ ಕೈ ಹಿಡಿದು ತಗ್ಗಿನಿಂದ ಮೇಲೆತ್ತಿದಳು.

ರಸ್ತೆಗೆ ಬಂದು ಮಾರ್ಟಾ ಫೋಟೊ ಅಳಿಸಿದಳು. ಲಕ್ಷ್ಮಣ ಕೈಮುಗಿದು ನಿಂತಿದ್ದ. ‘ನಾನು ಇವನ ಬೈಕಿನಲ್ಲಿ ನಿಮ್ಮ ಮನೆಗೆ ಹೋಗುತ್ತೇನೆ. ನೀನು ನಡೆದು ಬಾ. ಒಬ್ಬಳೇ. ನೀನು ಬಂದ ಮೇಲೆ ಬರೆಯಲು ಕೂರುತ್ತೇನೆ,’ ಎಂದಳು.

‘ತಂಗಿ, ಒಬ್ಬಾಕಿನ ಬರ್ತೀಯೇನ?’ ಲಕ್ಷ್ಮಣನಿಗೆ ದಿಗಿಲಾಯಿತು.

‘ಬರತೇನಿ, ನೀ ನಡಿ.’

ಬೈಕು ಹೋಯಿತು. ಎರಡು ಕಿಲೋಮೀಟರು, ಹಾಡಹಗಲು, ಹುಟ್ಟಿದೂರಿನ ದಾರಿ. ಶಾಲೆಗೆ ಓರಗೆಯವರ ಗುಂಪಿನಲ್ಲಿ, ಕಾಲೇಜಿಗೆ ಅಪ್ಪನ ಸೈಕಲ್ಲಿನಲ್ಲಿ, ಕೆಲಸಕ್ಕೆ ಅಣ್ಣ ಆಕಾಶನ ಗಾಡಿಯಲ್ಲಿ ಈ ದಾರಿ ದಾಟಿದವಳು ಮೂವತ್ತು ವರ್ಷದಲ್ಲಿ ಮೊದಲ ಸಲ ಇಲ್ಲಿ ಒಬ್ಬಳೇ ನಿಂತಿದ್ದಳು. ಎರಡೂ ಬದಿ ಗೋವಿನಜೋಳ ಸರಸರ ಎನ್ನುತ್ತಿತ್ತು. ಇಪ್ಪತ್ತು ಹೆಜ್ಜೆ ಇಟ್ಟಳು. ಹಿಂದೆ, ದೂರದಲ್ಲಿ, ಯಾವುದೋ ಮೋಟರ್‌ಸೈಕಲ್ಲಿನ ಸದ್ದು ಕೇಳಿಸಿತು. ಹತ್ತಿರ ಬಂದದ್ದು ನಿಧಾನವಾಯಿತು. ತಿರುಗಿ ನೋಡಲು ಕುತ್ತಿಗೆ ಒಪ್ಪಲಿಲ್ಲ. ಬೆರಳು ಆಗಲೇ ಅಣ್ಣನ ನಂಬರು ಒತ್ತಿತ್ತು.

‘ಎಲ್ಲಿ ಅದೀ?’ ಎಂದ ಆಕಾಶ, ಏನಾಯಿತೆಂದೂ ಕೇಳದೆ. ‘ಬರ್ಲೇನು?’

‘ಬಾ ಅಣ್ಣಾ,’ ಎಂದಳು ಪ್ರಣಿತಾ. ‘ಲಗೂನ ಬಾ.’