ತಿಜೋರಿ ಬಂದ ಮೇಲೆ ಬೆಳೆದ ಕಂಪನಿ

ಕಂಪನಿ ಶುರುವಾದದ್ದು ದರ್ಜಿ ಅಂಗಡಿಯ ಮೇಲಿನ ಒಂದೇ ಒಂದು ಕೋಣೆಯಲ್ಲಿ. ಎರಡು ಮೇಜು, ಒಂದಷ್ಟು ಕಂಪ್ಯೂಟರು, ತಿರುಗುವುದಕ್ಕಿಂತ ನರಳುವುದೇ ಹೆಚ್ಚಾದ ಒಂದು ಫ್ಯಾನು. ಬಾಗಿಲ ಬಳಿ ಸ್ಟೂಲಿನ ಮೇಲೆ ಕಾವಲುಗಾರ ಮೀಸೆ ಮಾಮ. ಅವನಿಗೆ ಬೇರೆ ಹೆಸರಿತ್ತು, ಆದರೆ ಆ ಮೀಸೆ ನೋಡಿದ ಮೇಲೆ ಯಾರೂ ಹೆಸರು ಕೇಳುತ್ತಿರಲಿಲ್ಲ. ಅವನು ಅಡ್ಡ ತಿರುಗಿಯೇ ಒಳಗೆ ಹೋಗಬೇಕಿತ್ತು. ನೇರವಾಗಿ ಹೋದರೆ ಬಾಗಿಲ ಚೌಕಟ್ಟಿನ ಬಣ್ಣ ಎರಡೂ ಕಡೆ ಕೆರೆದು ಬರುತ್ತಿತ್ತು.

ಕಂಪನಿ ಮಾರುತ್ತಿದ್ದದ್ದು ಕ್ರಿಪ್ಟೊ ನಾಣ್ಯ. ಯಜಮಾನಿ ಚಿಕ್ಕ ವಯಸ್ಸಿನವಳು. ಎಲ್ಲರೂ ಮೇಡಂ ಅನ್ನುತ್ತಿದ್ದರು. ಬಂದವರಿಗೆಲ್ಲ ಆಕೆ ಗಂಟಲು ಒಣಗುವವರೆಗೆ ಬಿಡಿಸಿ ಹೇಳುತ್ತಿದ್ದಳು.

"ಇದು ಕೈಗೆ ಸಿಗೋ ನಾಣ್ಯ ಅಲ್ಲ. ಲೋಕದ ತುಂಬಾ ಇರೋ ಕಂಪ್ಯೂಟರಲ್ಲಿ ಇದರ ಲೆಕ್ಕ ಇರತ್ತೆ. ಬೆಲೆ ಏರತ್ತೆ, ಇಳಿಯತ್ತೆ. ಎಲ್ಲಾ ಹೋಗ್ಲೂಬಹುದು."

"ಅದೆಲ್ಲ ಸರಿ ಕಣಮ್ಮ. ಎಲ್ಲಿಟ್ಟಿದೀಯ, ಒಂಚೂರು ತೋರ್ಸು."

"ತೋರ್ಸೋಕೆ ಆಗಲ್ಲ."

"ಹಾಗಾದ್ರೆ ನಾವಿನ್ನು ಬರ್ತೀವಿ."

ಹೀಗೆ ಬಂದವರೆಲ್ಲ ಬಂದ ಹಾಗೇ ಮೆಟ್ಟಿಲಿಳಿಯುತ್ತಿದ್ದಾಗ, ಕಂಪ್ಯೂಟರಿನ ತಂತಿಗಳನ್ನು ಇಲಿಗಳು ಕಡಿಯಲು ಶುರುಮಾಡಿದವು. ತಂತಿ ಇಡಲು ಏನಾದರೂ ಗಟ್ಟಿಯಾದದ್ದು ಬೇಕೆಂದು ಮೇಡಂ ಹರಾಜಿನಲ್ಲಿ ಒಂದು ಹಳೇ ಕಬ್ಬಿಣದ ತಿಜೋರಿ ಕೊಂಡಳು. ಅದೆಂಥ ಭಾರ ಅಂತೀರಿ! ಕೋಣೆಯ ಯಾವ ಮೂಲೆಯಲ್ಲಿ ನಿಂಬೆಹಣ್ಣು ಬಿದ್ದರೂ ಉರುಳಿಕೊಂಡು ತಿಜೋರಿಯ ಕಾಲಿಗೇ ಬಂದು ಸೇರುತ್ತಿತ್ತು. ಕೆಳಗೆ ದರ್ಜಿಯ ಅಂಗಡಿಯ ಮಾಳಿಗೆ ಜಗ್ಗಿ, ಅವನೂ ಗಿರಾಕಿಯೂ ಇಬ್ಬರೂ ಬಗ್ಗಿ ನಿಂತೇ ಅಳತೆ ಮುಗಿಸಬೇಕಾಯಿತು. ಆ ವರ್ಷ ಬೀದಿಯ ಗಂಡಸರೆಲ್ಲ ಗಿಡ್ಡ ಅಂಗಿ ತೊಟ್ಟು ಓಡಾಡಿದರು.

ಆದರೆ ಜನ ತಿಜೋರಿ ನೋಡಿದರು ನೋಡಿ, ಮುಖದ ಕಳೆಯೇ ಬದಲಾಯಿತು. "ಓಹೋ, ಇಲ್ಲಿಟ್ಟಿದೀರಾ" ಎಂದು ಅದರ ಬೆನ್ನು ತಟ್ಟಿದರು. ಮೊದಲ ವಾರ ಮೇಡಂ "ಅದರಲ್ಲಿರೋದು ತಂತಿ" ಅಂದಳು. ಜನ ಗುಟ್ಟು ಗೊತ್ತಾದವರ ಹಾಗೆ ಕಣ್ಣು ಮಿಟುಕಿಸಿದರು. ಆಮೇಲೆ ಆಕೆ ಹೇಳುವುದನ್ನು ಬಿಟ್ಟಳು. ಮೀಸೆ ಮಾಮನನ್ನು ಕೇಳಿದರೆ ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಮ್ಮನೆ ಮೀಸೆ ತಿರುವಿದ.

ಕಂಪನಿ ಬೆಳೆಯಿತು. ಕೋಣೆ ಹೋಗಿ ಮಹಡಿಯಾಯಿತು, ಮಹಡಿ ಹೋಗಿ ಗಾಜಿನ ಕಟ್ಟಡವಾಯಿತು. ತಿಜೋರಿಯನ್ನು ಕ್ರೇನಿನಲ್ಲಿ ಸಾಗಿಸಿದ ದಿನ ಅರ್ಧ ಊರು ಅದರ ಹಿಂದೆಯೇ ನಡೆಯಿತು. ಗೋಡೆಯಲ್ಲೆಲ್ಲ ಚಿತ್ರ ಅಂಟಿಸಿದರು: ತಿಜೋರಿ, ಪಕ್ಕದಲ್ಲಿ ಮೀಸೆ. ಹೊಸ ಕಟ್ಟಡದಲ್ಲಿ ಇಲಿಯೂ ಇರಲಿಲ್ಲ, ತಂತಿಯನ್ನೆಲ್ಲ ಗೋಡೆಯೊಳಗೆ ಹೂತಿದ್ದರು. ತಿಜೋರಿಯ ಬೀಗದ ಕೈ ಮಾತ್ರ ಮೀಸೆ ಮಾಮನ ಸೊಂಟದಲ್ಲೇ ಉಳಿಯಿತು.

ಒಂದು ಮಧ್ಯಾಹ್ನ ಅವನ ಸೋದರತ್ತೆ ಬಂದಳು. ತಾಯಿ ಇಲ್ಲದ ಅವನನ್ನು ಇಸ್ತ್ರಿ ಅಂಗಡಿಯ ಬಟ್ಟೆ ಗಂಟುಗಳ ನಡುವೆ ಮಲಗಿಸಿ ಬೆಳೆಸಿದವಳು ಅವಳು. ಅಂಗಡಿ ಇನ್ನೂ ಇತ್ತು, ಅವಳೇ ನಡೆಸುತ್ತಿದ್ದಳು.

"ಅಂಗಡಿ ಕೊಳ್ಳೋ ಗಿರಾಕಿ ಸಿಕ್ಕಿದಾನೆ ಕಣೋ" ಅಂದಳು ಅತ್ತೆ. "ನಾಳೆ ಸಹಿ. ಬಂದದ್ದನ್ನೆಲ್ಲ ಇಲ್ಲೇ ಹಾಕ್ಬಿಡ್ತೀನಿ."

ಮೀಸೆ ಮಾಮ ಸ್ಟೂಲಿನಿಂದ ಎದ್ದ. "ಮೇಡಂ ಏನಂದ್ರು?"

"ಇಳಿಯತ್ತೆ, ಹೋಗತ್ತೆ ಅಂತ ಏನೇನೋ ಅಂದ್ಲು. ಇರೋರು ಹಾಗೇ ಅಲ್ವಾ ಹೇಳೋದು, ಇಲ್ದೋರು ಹತ್ರ ಬರಬಾರ್ದು ಅಂತ. ನೀನಿದೀಯಲ್ಲ. ನನ್ನ ಕೈಯಲ್ಲಿ ಬೆಳೆದೋನು ಖಾಲಿ ಡಬ್ಬ ಕಾಯ್ತಾ ಕೂತಿರ್ತಾನಾ?"

ಅವನು ಅಭ್ಯಾಸಬಲದಿಂದ ಮೀಸೆಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಇಷ್ಟು ದಿನ ಜನ ನಂಬಿದ್ದು ಕಂಪ್ಯೂಟರನ್ನೂ ಅಲ್ಲ, ಮೇಡಮ್ಮನ್ನೂ ಅಲ್ಲ, ಈ ಕೈಯನ್ನು, ಈ ಮೀಸೆಯನ್ನು ಎಂದು ಅವನಿಗೆ ಆಗ ಹೊಳೆಯಿತು. ಈಗ ಬಾಯಿ ಬಿಟ್ಟರೆ ಕೆಲಸ ಹೋಗಬಹುದು. ಬಿಡದಿದ್ದರೆ ಅತ್ತೆಯ ಅಂಗಡಿ ಹೋಗುತ್ತದೆ. ಬಾಯಿಗಿಂತ ಬೀಗದ ಕೈ ಸುಲಭವೆನಿಸಿತು. ಸೊಂಟದಿಂದ ತೆಗೆದು ಬೀಗಕ್ಕೆ ಹಾಕಿ ತಿರುಗಿಸಿದ.

ಬಾಗಿಲು ಕಿರುಗುಟ್ಟಿದ್ದಕ್ಕೆ ನಾಣ್ಯ ಕೊಳ್ಳಲು ಸಾಲಿನಲ್ಲಿ ನಿಂತಿದ್ದವರೆಲ್ಲ ಕತ್ತು ಚಾಚಿದರು. ಒಳಗೆ ಒಂದು ಛತ್ರಿ, ಒಂದು ಜೊತೆ ಹಳೇ ಚಪ್ಪಲಿ, ಒಂದು ಊಟದ ಡಬ್ಬಿ.

"ಇದೇನೋ ಇದು?" ಅಂದಳು ಅತ್ತೆ.

"ನನ್ನ ಡಬ್ಬಿ. ಹಳೇ ಕೋಣೇಲಿ ಇಲಿ ಕಾಟ ಇತ್ತಲ್ಲ, ಅದೇ ರೂಢಿ."

"ನಾಣ್ಯ?"

"ಇದರಲ್ಲಿ ಯಾವತ್ತೂ ಇರ್ಲಿಲ್ಲ ಅತ್ತೆ."

ಮೇಡಂ ಒಳಗಿನಿಂದ ಬಂದು ತೆರೆದ ಬಾಗಿಲನ್ನೂ ಅವನನ್ನೂ ನೋಡಿದಳು. ಆಮೇಲೆ ಅವನ ಸ್ಟೂಲಿನ ಮೇಲೇ ಕುಸಿದು ಕೂತಳು.

"ನಾನು ಎಲ್ಲರಿಗೂ ಇದ್ದದ್ದು ಇದ್ದ ಹಾಗೇ ಹೇಳಿದೀನಿ ಮಾಮ."

"ಹೇಳಿದ್ರಿ ಮೇಡಂ. ಆದ್ರೆ ತಿಜೋರಿ ಮುಂದೆ ನಿಂತ್ಕೊಂಡು ಹೇಳಿದ್ರಿ. ನಾನೂ ಪಕ್ಕದಲ್ಲಿ ಮೀಸೆ ತಿರುವ್ತಾ ಇದ್ದೆ."

ಸಾಲಿನಲ್ಲಿ ಅರ್ಧ ಜನ ಗೊಣಗುತ್ತ ಹೊರಗೆ ಹೋದರು. ಉಳಿದವರಲ್ಲಿ ಒಬ್ಬ ಬಸ್ ಡ್ರೈವರು ಕೇಳಿದ: "ಹಾಗಾದ್ರೆ ಎಲ್ಲಿದೆ ಅಂತ ಇನ್ನೊಂದ್ಸಲ ಹೇಳಿ ಮೇಡಂ. ಹೋದ ಸಲ ನಾನು ಕೇಳಿಸ್ಕೊಳ್ಳಲೇ ಇಲ್ಲ." ಮೇಡಂ ಎದ್ದು ನಿಂತು ಮೊದಲಿನಿಂದ ಶುರುಮಾಡಿದಳು.

ಅತ್ತೆ ಅದನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. "ಇನ್ನೂ ಮುಟ್ಟಿಲ್ಲ. ಇಷ್ಟು ಹೊತ್ತಾಯ್ತು, ತಿನ್ನು."

"ಅಂಗಡಿ?"

"ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ರೆ ಕೈ ಸುಡತ್ತೆ. ಇದೆ ಅಂತ ಗೊತ್ತಾಗತ್ತೆ. ನಂಗೆ ಅಷ್ಟು ಸಾಕು."

ಮಾರನೇ ದಿನವೂ ಮೀಸೆ ಮಾಮ ಕೆಲಸಕ್ಕೆ ಬಂದ. ಬರಬೇಡ ಎಂದು ಮೇಡಂ ಹೇಳಿರಲಿಲ್ಲ. ತಿಜೋರಿಯ ಬಾಗಿಲು ಆಕೆ ಹೇಳಿದಂತೆ ತೆರೆದೇ ಇತ್ತು, ಸಾಲು ಗಿಡ್ಡವಾಗಿತ್ತು. ಅಷ್ಟರಲ್ಲಿ ಅತ್ತೆ ಬಿಸಿಬಿಸಿ ಇಸ್ತ್ರಿ ಮಾಡಿದ ಅವನ ಇನ್ನೊಂದು ಅಂಗಿ ಹಿಡಿದು ಬಂದಳು.

"ಹಾಕ್ಕೋ" ಅಂದಳು. "ಏನೂ ಇಲ್ದಿರೋದನ್ನ ಕಾಯೋನು ಮುದುರಿದ ಅಂಗೀಲಿ ಕೂತ್ರೆ ಏನು ಚೆನ್ನ?"