ಉಚ್ಚೆಂಗೆಮ್ಮನ ಊಟದ ಬಿಡುವು

ಸುಂಕಪ್ಪ ಮೂರನೆಯ ಹಿಡಿ ಮಣ್ಣು ಹಾಕಿ ಈಚೆ ಬರುವಷ್ಟರಲ್ಲಿ ಜಡೆಮ್ಮ ಅವನನ್ನು ಪಕ್ಕಕ್ಕೆ ಕರೆದಳು. ಬಳ್ಳಾರಿಯ ಕೌಲ್ ಬಜಾರಿನ ಜೀನ್ಸ್ ಕಾರ್ಖಾನೆಯಲ್ಲಿ ಅವನ ಹೆಂಡತಿ ಉಚ್ಚೆಂಗೆಮ್ಮನ ಪಕ್ಕದ ಮಿಷನ್ನಿನಲ್ಲಿ ಕೂರುತ್ತಿದ್ದವಳು ಅವಳು. ಹಿಂದಿನ ದಿನ ನಸುಕಿನಲ್ಲಿ ಎದೆ ನೋಯುತ್ತಿದೆಯೆಂದು ಗೋಡೆಗೊರಗಿ ಕುಳಿತ ಉಚ್ಚೆಂಗೆಮ್ಮ ಮತ್ತೆ ಎದ್ದಿರಲಿಲ್ಲ. ಮಣ್ಣು ಮಾಡಲು ಸ್ವಂತ ಊರು ದೇಶನೂರಿಗೆ ತಂದಿದ್ದರು.

“ಸುಂಕಪ್ಪಣ್ಣ, ಇಂಥಾ ಹೊತ್ತಿನ್ಯಾಗ ಹೇಳಬಾರದು. ಕುರುಗೋಡಿನವರು ಬೆಳಗ್ಗಿಂದ ನಂಗ ಫೋನ್ ಮಾಡಾಕ ಹತ್ಯಾರ. ನಾಳೆ ಅವರ ಮನ್ಯಾಗ ಮದುವಿ. ಚೀಲ ಎಲ್ಲಿ ಅಂತ ಕೇಳ್ತಾರ.”

“ಯಾವ ಚೀಲ?”

ಜಡೆಮ್ಮ ಅವನ ಮುಖ ನೋಡಿದಳು. ಅವನಿಗೆ ಏನೂ ಗೊತ್ತಿಲ್ಲವೆಂದು ತಿಳಿದ ಮೇಲೆ ತಡೆತಡೆದು ಹೇಳಿದಳು. ಕತ್ತರಿಸಿ ಉಳಿದ ಜೀನ್ಸ್ ತುಂಡುಗಳನ್ನು ಮಾಲೀಕನಿಂದ ಕೇಳಿ ಪಡೆದು ಉಚ್ಚೆಂಗೆಮ್ಮ ಚೀಲ ಹೊಲಿಯುತ್ತಿದ್ದಳು. ಮೊದಲು ಬ್ರೂಸ್‌ಪೇಟೆಯ ಅಂಗಡಿಗಳಿಗೆ ನಾಲ್ಕಾರು. ಈಗ ಮದುವೆಯ ತಾಂಬೂಲಕ್ಕೆಂದು ಒಮ್ಮೆಲೇ ನೂರೈವತ್ತು. ಮೂವತ್ತಕ್ಕೆ ಹಿಡಿಕೆ ಬಾಕಿ. ಎಲ್ಲವೂ ಕಾರ್ಖಾನೆಯಲ್ಲೇ ಇದ್ದವು.

“ಟೈಮ್ ಎಲ್ಲಿತ್ತು ಆಕಿಗೆ?”

“ಊಟದ ಬಿಡುವಿನ್ಯಾಗ. ಎರಡು ತುತ್ತು ತಿಂದು ಎದ್ದುಬಿಡ್ತಿದ್ಲು.”



*

ನಾಲ್ಕು ತಿಂಗಳಿಂದ ಬುತ್ತಿಯ ಡಬ್ಬಿ ಅರ್ಧ ತುಂಬಿಯೇ ಮನೆಗೆ ಬರುತ್ತಿತ್ತು. ಹಸಿವಿಲ್ಲ ಎನ್ನುತ್ತಿದ್ದಳು. ಅವಳು ಹಿಂದೆ ಅಗರಬತ್ತಿ ಹೊಸೆದಿದ್ದಳು, ಸೀರೆಗೆ ಫಾಲ್ ಹಚ್ಚಿದ್ದಳು, ಎರಡೂ ಕೈಹಿಡಿದಿರಲಿಲ್ಲ. ಆಗೆಲ್ಲ ಅವನು ನಕ್ಕಿದ್ದ. ಒಂದು ಸಂಜೆ ಡಬ್ಬಿ ತೆರೆದು ನೋಡಿ, ಇಷ್ಟು ಸೊಕ್ಕು ಯಾಕೆ, ಅನ್ನ ಬಿಸಾಡಲಿಕ್ಕೆ ದುಡಿಯುತ್ತೇನೇನು ಎಂದು ಬೈದ. ಅವಳು ಅನ್ನವನ್ನು ಬಾಣಲೆಗೆ ಸುರಿದು ಒಗ್ಗರಣೆ ಹಾಕುತ್ತ ಬೆನ್ನು ತಿರುಗಿಸಿಯೇ ಹೇಳಿದ್ದಳು:

“ಇಡೀ ದಿನ ಮಂದಿ ಪ್ಯಾಂಟ್ ಹೊಲಿತೀನಿ. ಅರ್ಧ ತಾಸು ನಂದು ಅಂತ ಇರಲಿ ಬಿಡು.”

ಅವನು ಅದಕ್ಕೆ ಅರ್ಥ ಕೇಳಿರಲಿಲ್ಲ. ಆಟೊ ಒರೆಸಲು ಹೊರಗೆ ಹೋಗಿದ್ದ.

*

ಕಾಲುವೆಯಲ್ಲಿ ಸ್ನಾನ ಮಾಡಿ ಎಲ್ಲರೂ ಮೇಲೆ ಬಂದಾಗ ಜಡೆಮ್ಮನ ಫೋನು ಮತ್ತೆ ಬಡಿದುಕೊಂಡಿತು. ಸುಂಕಪ್ಪ ಅದನ್ನು ಈಸಿಕೊಂಡ. ಸಾವಿನ ಸುದ್ದಿ ಹೇಳಿದರೆ ಚೀಲ ಬೇಡವೆಂದಾರು. ಮುಚ್ಚಿಟ್ಟರೆ, ನಾಳೆ ಗೊತ್ತಾಗಿ ಅವಳ ಹೆಸರಿಗೇ ಶಾಪ ಹಾಕಿಯಾರು. ಅವನು ಹೇಳಿಬಿಟ್ಟ.

ಆ ಕಡೆ ಇದ್ದವಳು ಮದುಮಗಳ ತಾಯಿ ವಿರೂಪಮ್ಮ. ಸೂತಕದ ಭಯಕ್ಕೆ, ಚೀಲ ನಿಮ್ಮ ಮನೆಯೊಳಗೆ ಬಂದಿದ್ದವೇ ಎಂದು ಕೇಳಿದಳು. ಇಲ್ಲವೆಂದ.

“ಹಂಗಾದ್ರ ಹೊತ್ತು ಮುಳುಗೂದ್ರೊಳಗ ತರ್ರಿ. ನಮ್ಮವರ ಮುಂದ ಮಾತ್ರ ಈ ಸುದ್ದಿ ಎತ್ತಬ್ಯಾಡ್ರಿ, ಅಣ್ಣಾರ. ಮದುವಿ ಮನಿ.”

ಸುಂಕಪ್ಪನ ಅಣ್ಣ ಚಿನ್ನಪ್ಪ ತಡೆದ. ದೀಪ ಹಚ್ಚಿಟ್ಟ ಮನೆ ಬಿಟ್ಟು ಹೊರಟರೆ ಊರವರು ಏನೆಂದಾರು ಎಂದ. ಸುಂಕಪ್ಪ ಆಟೊ ಚಾಲೂ ಮಾಡಿದ. ಹಿಂದೆ ಜಡೆಮ್ಮ, ಜೊತೆಗೆ ಬಾಕಿ ಹಿಡಿಕೆ ಹೊಲಿಯಲು ಕಾರ್ಖಾನೆಯ ಇನ್ನಿಬ್ಬರು.

ಸಿರುಗುಪ್ಪ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಪ್ರತಿ ಬಾರಿ ಬ್ರೇಕ್ ಒತ್ತಿದಾಗಲೂ ಅವನು ಸೂರ್ಯನ ಕಡೆ ನೋಡುತ್ತಿದ್ದ. ಕೊನೆಗೆ ಹಿಂತಿರುಗದೆಯೇ ಕೇಳಿದ:

“ಉಪವಾಸ ಬಿದ್ದೇ ಸತ್ತಳೇನು, ಜಡೆಮ್ಮ?”



ಕಾರ್ಖಾನೆಯ ಬಾಗಿಲ ಹೊರಗೆ ಅವನು ನಿಂತ. ಒಳಗೆ ಮೂರು ಮಿಷನ್ನುಗಳು ಓಡುವ ಸದ್ದು ಕೇಳುತ್ತಿತ್ತು. ಸದ್ದು ನಿಂತಾಗಲೆಲ್ಲ ದಾರ ಹರಿಯಿತೇನೋ ಎಂದು ಇಣುಕುತ್ತಿದ್ದ. ಐದು ಗಂಟೆಗೆ ಮೂಟೆಗಳು ಹೊರಬಂದವು.

ಕುರುಗೋಡಿನ ಹೊರಗೆ, ಹೇಳಿದ ಜಾಗದಲ್ಲಿ, ವಿರೂಪಮ್ಮನ ಸೊಸೆ ಸೌಂದರ್ಯ ವ್ಯಾನಿನ ಪಕ್ಕ ಕಾಯುತ್ತಿದ್ದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಅವಳು ಒಂದು ಚೀಲ ತೆಗೆದು ಒಳಮಗ್ಗುಲು ಹೊರಗೆ ಮಾಡಿ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಎಷ್ಟು ಚಂದ ಹೊಲಿದಾರ. ಯಾರ ಕೈಗೆಲಸರೀ ಇದು?”

“ನಮ್ಮ ಮನ್ಯಾಕಿದು.”

“ಮುಂದಿನ ತಿಂಗಳು ನಮ್ಮ ತವರಾಗ ಗೃಹಪ್ರವೇಶ ಐತಿ. ಅಕ್ಕಾರ ನಂಬರ್ ಕೊಡ್ರಿ, ನಾನಾ ಮಾತಾಡ್ತೀನಿ.”

ಸುಂಕಪ್ಪ ಬಾಯಿ ತೆರೆದ. ಸುದ್ದಿ ಎತ್ತಬೇಡಿ ಎಂದಿದ್ದ ವಿರೂಪಮ್ಮನ ಮಾತು ಅಡ್ಡ ಬಂತು. ಆಟೊದ ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಹೆಂಡತಿಯ ನಂಬರಿನ ಒಂದೊಂದೇ ಅಂಕಿ ಹೇಳತೊಡಗಿದ. ಸೌಂದರ್ಯ ಹತ್ತೂ ಅಂಕಿ ಒತ್ತಿಕೊಂಡು, ಹೆಸರು ಕೇಳಿ, ‘ಉಚ್ಚೆಂಗೆಮ್ಮ, ಚೀಲದವರು’ ಎಂದು ಬರೆದು ಉಳಿಸಿಕೊಂಡಳು.